ಎರಡು ತಾಸಿನೊಳಗೆ ಓಟಿ ಟೇಬಲ್: ತಾಲ್ಲೂಕಿನ ಶಸ್ತ್ರಚಿಕಿತ್ಸೆಯನ್ನು ಅಳೆಯುವ, ಕಟ್ಟುವ ಬಗೆ

ಟ್ರ್ಯಾಕ್ಟರ್ ಟ್ರೇಲರಿನಡಿ ಕಾಲು ಸಿಕ್ಕು ಎಲುಬು ಹೊರಬಂದ ಹುಡುಗ, ನೋವು ಶುರುವಾಗಿ ಒಂದು ಹಗಲು ಕಳೆದರೂ ಹೆರಿಗೆಯಾಗದ ಹೆಣ್ಣುಮಗಳು, ಹೊಟ್ಟೆ ಹಲಗೆಯಂತೆ ಬಿಗಿದುಕೊಂಡ ಮುದುಕ: ಇವರಲ್ಲಿ ಯಾರೇ ರಾತ್ರಿ ಹನ್ನೊಂದರ ಮೇಲೆ ತಾಲ್ಲೂಕು ಆಸ್ಪತ್ರೆಯ ಗೇಟಿಗೆ ಬಂದರೂ ನಮ್ಮ ಗದಗ, ಹಾವೇರಿ, ಧಾರವಾಡದ ಕಡೆ ಎಷ್ಟೋ ಸಲ ಸಿಗುವ ಉತ್ತರ ಒಂದೇ. "ಇಲ್ಲಿ ಆಗೂದಿಲ್ರಿ, ಹುಬ್ಬಳ್ಳಿಗೆ ಒಯ್ರಿ." ಹಾಗೆ ಹೇಳುವ ನರ್ಸ್ ಅಥವಾ ಡ್ಯೂಟಿ ಡಾಕ್ಟರರದು ತಪ್ಪೆಂದು ನಾನು ಹೇಳಲಾರೆ. ಓಟಿ, ಅಂದರೆ ಆಪರೇಷನ್ ಕೋಣೆ, ಇರುತ್ತದೆ, ಸರ್ಜನ್ ಕೂಡ ಇರಬಹುದು; ಆದರೆ ಅರಿವಳಿಕೆ ಕೊಡುವವರು ಆ ರಾತ್ರಿ ಇರುವುದಿಲ್ಲ, ಇಲ್ಲವೇ ಹೊಂದುವ ರಕ್ತ ಇರುವುದಿಲ್ಲ.

ಇದು ನಮ್ಮ ಭಾಗದ ಪಾಡು ಮಾತ್ರವಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ರಚಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗವು 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನ 500 ಕೋಟಿ ಜನರಿಗೆ ಬೇಕಾದ ಹೊತ್ತಿನಲ್ಲಿ, ಸುರಕ್ಷಿತವಾಗಿ, ತಡೆದುಕೊಳ್ಳಬಹುದಾದ ಖರ್ಚಿನಲ್ಲಿ ಆಪರೇಷನ್ ಸಿಗುತ್ತಿರಲಿಲ್ಲ. ವರ್ಷಕ್ಕೆ ನಡೆಯುವ ಸುಮಾರು 31 ಕೋಟಿ ಶಸ್ತ್ರಚಿಕಿತ್ಸೆಗಳಲ್ಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬದುಕುವ ಅತಿ ಬಡ ದೇಶಗಳಿಗೆ ಬರುತ್ತಿದ್ದ ಪಾಲು ಶೇಕಡಾ 6 ಮಾತ್ರ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನವು, ತುರ್ತು ಮತ್ತು ಅಗತ್ಯ ಶಸ್ತ್ರಚಿಕಿತ್ಸೆಯೂ ಅರಿವಳಿಕೆಯೂ ಎಲ್ಲರಿಗೂ ಸಿಗಬೇಕಾದ ಆರೋಗ್ಯ ಸೇವೆಯ ಭಾಗವೆಂದು ನಿರ್ಣಯ ಮಾಡಿತು. ನಿರ್ಣಯವಾದದ್ದು ಜಿನೀವಾದಲ್ಲಿ, ಅದು ಮುಂಡರಗಿ, ಹಿರೇಕೆರೂರು, ಕಲಘಟಗಿಗಳ ಓಟಿಯೊಳಗೆ ಬಂದಿದೆಯೋ ಇಲ್ಲವೋ ಎಂದು ನೋಡಬೇಕಾದವರು ಅಲ್ಲಲ್ಲಿಯ ಜನ. ನಾನು ವೈದ್ಯನಲ್ಲ, ಕೆಲವು ವರ್ಷ ಒಂದು ತಾಲ್ಲೂಕು ಆಸ್ಪತ್ರೆಯ ಆಗುಹೋಗು ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯನಾಗಿ ಕುಳಿತವನು. ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಮಾಸ್ತರರು, ಈಗಷ್ಟೇ ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರು ತಮ್ಮ ತಾಲ್ಲೂಕಿನಲ್ಲಿ ಏನು ಮಾಡಬಹುದೆಂಬುದನ್ನು, ಮಾಡಿ ನೋಡಿದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮೂರೇ ಮೂರು ಆಪರೇಷನ್‌ಗಳ ಲೆಕ್ಕ ಕೇಳಿ

"ನಮ್ಮ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಸೌಲಭ್ಯ ಇದೆಯೇ" ಎಂದು ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆಯೋಗವು ಇದಕ್ಕೊಂದು ಚೊಕ್ಕ ಉಪಾಯ ಹೇಳಿದೆ. ಸಿಜೇರಿಯನ್, ಹೊಟ್ಟೆ ತೆರೆದು ಮಾಡುವ ತುರ್ತು ಆಪರೇಷನ್, ಎಲುಬು ಹೊರಬಂದ ಮುರಿತದ ಚಿಕಿತ್ಸೆ, ಈ ಮೂರನ್ನು ಮಾಡಬಲ್ಲ ಆಸ್ಪತ್ರೆಯು ಉಳಿದ ಬಹುಪಾಲು ಸಾಮಾನ್ಯ ಆಪರೇಷನ್‌ಗಳನ್ನೂ ಮಾಡಬಲ್ಲದು, ಏಕೆಂದರೆ ಈ ಮೂರಕ್ಕೆ ಸರ್ಜನ್, ಅರಿವಳಿಕೆ, ರಕ್ತ, ಎಕ್ಸ್‌ರೇ, ಆಮ್ಲಜನಕ, ಕಾಯಿಸಿ ಶುದ್ಧ ಮಾಡಿದ ಸಲಕರಣೆ, ಆಪರೇಷನ್ ನಂತರ ನೋಡಿಕೊಳ್ಳುವ ನರ್ಸ್ ಎಲ್ಲರೂ ಎಲ್ಲವೂ ಒಂದೇ ಹೊತ್ತಿಗೆ ಕೂಡಬೇಕಾಗುತ್ತದೆ. 2030ರ ಹೊತ್ತಿಗೆ ಪ್ರತಿ ದೇಶದ ಶೇಕಡಾ 80ರಷ್ಟು ಜನ ಈ ಮೂರನ್ನು ಮಾಡಬಲ್ಲ ಆಸ್ಪತ್ರೆಗೆ ಎರಡು ತಾಸಿನೊಳಗೆ ತಲುಪುವಂತಿರಬೇಕೆಂಬುದು ಆಯೋಗದ ಗುರಿ.

ಆದ್ದರಿಂದ ಪ್ರಶ್ನೆ ಹೀಗಿರಲಿ: ಕಳೆದ ಆರು ತಿಂಗಳಲ್ಲಿ ಈ ಮೂರರಲ್ಲಿ ಒಂದೊಂದೂ ಎಷ್ಟು ನಡೆದವು, ಅವುಗಳಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 6ರೊಳಗೆ ಎಷ್ಟು, ಬೇರೆ ಆಸ್ಪತ್ರೆಗೆ ಕಳಿಸಿದ್ದು ಎಷ್ಟು, ಕಳಿಸಿದ ಕಾರಣವೇನು. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಮೊದಲ ಸಲವೇ ಸಿಗಬಹುದು. ಹೆಚ್ಚಿನ ಆಡಳಿತ ವೈದ್ಯಾಧಿಕಾರಿಗಳು ತಮ್ಮ ಕೊರತೆಯನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ ಎಂಬುದು ನನ್ನ ಅನುಭವ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯದ್ದಾಗಿ, 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಮೂರು ಪುಟ ದೂರು ಬರೆದು ಕೊನೆಯಲ್ಲಿ ಪ್ರಶ್ನೆ ಸೇರಿಸಿದ ಅರ್ಜಿಗಳು ಈ ಪದಗಳ ಮಿತಿಯಲ್ಲೇ ಬಿದ್ದುಹೋಗುತ್ತವೆ. ಆಪರೇಷನ್ ಸಂಖ್ಯೆಗೆ ಒಂದು ಅರ್ಜಿ, ಮಂಜೂರಾದ ಮತ್ತು ಖಾಲಿ ಇರುವ ಹುದ್ದೆಗಳಿಗೆ ಇನ್ನೊಂದು ಅರ್ಜಿ ಎಂದು ಬೇರೆಬೇರೆ ಮಾಡಿಕೊಳ್ಳಿ.

ಬಂದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಬೇಕು? ವರ್ಷಕ್ಕೆ ಲಕ್ಷ ಜನರಿಗೆ 5000 ಶಸ್ತ್ರಚಿಕಿತ್ಸೆಗಳು ನಡೆಯಬೇಕೆಂಬುದು ಆಯೋಗದ ಅಳತೆ. ಎರಡು ಲಕ್ಷ ಜನರಿರುವ ತಾಲ್ಲೂಕಿಗೆ ಅದು 10,000 ಆಗುತ್ತದೆ. ಖಾಸಗಿಯಲ್ಲಿ ಮಾಡಿಸಿಕೊಂಡದ್ದು, ಹುಬ್ಬಳ್ಳಿಗೆ ಹೋಗಿ ಬಂದದ್ದು ಎಲ್ಲ ಸೇರಿಯೇ ಈ ಲೆಕ್ಕ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಖ್ಯೆ ಏರಿದ್ದೆಲ್ಲ ಒಳಿತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಜೇರಿಯನ್ ಪ್ರಮಾಣ ಶೇಕಡಾ 14.3 ಇದ್ದರೆ ಖಾಸಗಿಯಲ್ಲಿ 47.4 ಇತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಸಿಕೊಂಡ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಪರಿಹಾರ ಕೇಳಿ ಬೀದಿಗಿಳಿದದ್ದು ಹಾವೇರಿ ಜಿಲ್ಲೆಯವರಿಗೆ ಮರೆತಿರಲಾರದು. ಬೇಕಾದವರಿಗೆ ಸಿಗದಿರುವುದೂ, ಬೇಡವಾದವರ ಮೇಲೆ ಚಾಕು ಆಡುವುದೂ ಒಂದೇ ಅನ್ಯಾಯದ ಎರಡು ಮುಖಗಳಾಗಿರುವುದರಿಂದ, ಲೆಕ್ಕ ಕೇಳುವಾಗ ಯಾವ ಆಪರೇಷನ್, ಯಾವ ವಯಸ್ಸಿನವರಿಗೆ ಎಂಬುದನ್ನೂ ಕೇಳಲೇಬೇಕು.

ಎರಡನೆಯ ಹೆಜ್ಜೆ: ಹೊತ್ತನ್ನು ವಹಿಯಲ್ಲಿ ಬರೆಯಿರಿ

ನಕ್ಷೆಯ ಮೇಲೆ ನೋಡಿದರೆ ನಮ್ಮ ಮೂರೂ ಜಿಲ್ಲೆಗಳ ಸ್ಥಿತಿ ಕೆಟ್ಟದ್ದೇನಲ್ಲ. ಹುಬ್ಬಳ್ಳಿಯಲ್ಲಿ 1957ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಗದಗಿನಲ್ಲಿ 2015ರಲ್ಲಿ, ಹಾವೇರಿಯಲ್ಲಿ 2022ರಲ್ಲಿ ಕಾಲೇಜುಗಳು ಶುರುವಾದವು. ಶಿಗ್ಗಾಂವಿ, ರಾಣೆಬೆನ್ನೂರುಗಳ ನಡುವೆ ಹೆದ್ದಾರಿ ಇದೆ. ಎರಡು ತಾಸು ಸಾಕೆಂದು ಯಾರಾದರೂ ಹೇಳಬಹುದು. ಆದರೆ ರೋಗಿಯ ಗಡಿಯಾರ ರಸ್ತೆಗಿಳಿದ ಮೇಲೆ ಶುರುವಾಗುವುದಿಲ್ಲ.

ನಮ್ಮ ಸಮಿತಿಯು ಇಬ್ಬರು ಆಶಾ ಕಾರ್ಯಕರ್ತೆಯರಿಗೆ ನೂರು ಪುಟದ ಒಂದೊಂದು ವಹಿ ಕೊಟ್ಟು, ಆರು ಕಾಲಂ ಹೊಡೆಸಿತ್ತು: ಹೋಗಬೇಕೆಂದು ಮನೆಯಲ್ಲಿ ನಿರ್ಧಾರವಾದ ಹೊತ್ತು, ಗಾಡಿ ಬಂದ ಹೊತ್ತು, ತಾಲ್ಲೂಕು ಆಸ್ಪತ್ರೆ ಮುಟ್ಟಿದ ಹೊತ್ತು, ಅಲ್ಲಿಂದ ಹೊರಟ ಹೊತ್ತು, ದೊಡ್ಡ ಆಸ್ಪತ್ರೆ ಮುಟ್ಟಿದ ಹೊತ್ತು, ಓಟಿಗೆ ಒಯ್ದ ಹೊತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಒಂದು ಸಾಲು ನನಗೆ ಈಗಲೂ ಬಾಯಿಪಾಠ. 6.00, 7.10, 7.50, 8.35, 10.15, 11.30. ಒಟ್ಟು ಐದೂವರೆ ತಾಸು. ಗಾಡಿ ಓಡಿದ್ದು 140 ನಿಮಿಷ, ಕಾದದ್ದು 190 ನಿಮಿಷ. ತಾಯಿಯೂ ಕೂಸೂ ಉಳಿದದ್ದರಿಂದ ಈ ಸಾಲು ಯಾರ ವರದಿಯೊಳಗೂ ಬರಲಿಲ್ಲ; ಸತ್ತಿದ್ದರೆ ಮಾತ್ರ ಅದು ವಿಚಾರಣೆಗೆ ಬರುತ್ತಿತ್ತು.

ತಾಯಂದಿರ ಸಾವನ್ನು ಅಧ್ಯಯನ ಮಾಡಿದವರು ಹಿಂದೆಯೇ ಮೂರು ಬಗೆಯ ತಡಗಳನ್ನು ಗುರುತಿಸಿದ್ದಾರೆ: ನಿರ್ಧಾರದ ತಡ, ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆಯ ತಡ. ನಿಮ್ಮ ವಹಿಯಲ್ಲಿ ಇಪ್ಪತ್ತು ಸಾಲು ತುಂಬಿದಾಗ ಯಾವ ತಡ ಹೆಚ್ಚೆಂದು ತಾನಾಗಿ ಕಾಣುತ್ತದೆ. ನಮ್ಮಲ್ಲಿ ಎಲ್ಲರೂ ಇನ್ನೊಂದು ಆಂಬ್ಯುಲೆನ್ಸ್ ಬೇಕೆಂದು ಮನವಿ ಬರೆಯಲು ಕುಳಿತಿದ್ದರು. ವಹಿ ಹೇಳಿದ್ದು ಬೇರೆ: ತಾಲ್ಲೂಕು ಆಸ್ಪತ್ರೆಯಿಂದ ಹೊರಡುವ ಮುನ್ನ ದೊಡ್ಡ ಆಸ್ಪತ್ರೆಗೆ ಯಾರೂ ಫೋನ್ ಮಾಡುತ್ತಿರಲಿಲ್ಲ, ಹೀಗಾಗಿ ಅಲ್ಲಿ ರಕ್ತದ ಗುಂಪು ನೋಡುವುದರಿಂದ ಎಲ್ಲವೂ ಮೊದಲಿನಿಂದ ಶುರುವಾಗುತ್ತಿತ್ತು. ರೆಫರ್ ಚೀಟಿಯಲ್ಲಿ ರಕ್ತದ ಗುಂಪು, ಕೊಟ್ಟ ಔಷಧ, ಕೊನೆಯ ಊಟದ ಹೊತ್ತು ಇವಿಷ್ಟನ್ನು ಬರೆದು, ಫೋನ್ ಮಾಡಿ, ಫೋನೆತ್ತಿದವರ ಹೆಸರನ್ನು ಚೀಟಿಯ ಮೇಲೆ ನಮೂದಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಮೂರನೆಯ ಹೆಜ್ಜೆ: ಓಟಿಯೊಳಗಿನ ಸಂದುಗಳನ್ನು ನೋಡಿ

ಸಮಿತಿಯ ಸದಸ್ಯರು ಹೋಗಿ ಓಟಿ ನೋಡಲು ಅವಕಾಶ ಕೇಳಬಹುದು. ಒಳಗೆ ಹೋದಾಗ ಟೇಬಲ್, ದೊಡ್ಡ ದೀಪಗಳನ್ನು ನೋಡಿ ಬೆರಗಾಗದೆ ನಾಲ್ಕು ವಸ್ತುಗಳ ಬಳಿ ನಿಲ್ಲಿ. ಅರಿವಳಿಕೆಯ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನು ಕೊನೆಯ ಸಲ ತೆಗೆದದ್ದು ಯಾವಾಗ ಎಂದು ಕೇಳಿ. ಆಮ್ಲಜನಕದ ಸಿಲಿಂಡರ್ ಎಷ್ಟು, ತುಂಬಿದ್ದು ಎಷ್ಟು, ಕೋವಿಡ್ ಕಾಲದಲ್ಲಿ ಬಂದ ಆಮ್ಲಜನಕ ಘಟಕವಿದ್ದರೆ ಅದು ನಡೆಯುತ್ತಿದೆಯೇ ಎಂದು ಕೇಳಿ. ಕರೆಂಟ್ ಹೋದಾಗ ಜನರೇಟರ್ ಚಾಲೂ ಮಾಡುವವರು ರಾತ್ರಿ ಯಾರು, ಡೀಸೆಲ್ ಎಲ್ಲಿದೆ ಎಂದು ಕೇಳಿ. ಕೊನೆಯದು ರಕ್ತ.

ರಕ್ತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ಊರಿನವರ ಕೈಯಲ್ಲಿರುವ ಸಂಗತಿ. ತಾಲ್ಲೂಕಿನಲ್ಲಿ ಪೂರ್ಣ ಬ್ಲಡ್ ಬ್ಯಾಂಕ್ ಬೇಕೆಂದೇನಿಲ್ಲ. ದೊಡ್ಡ ರಕ್ತನಿಧಿಯೊಂದಕ್ಕೆ ಜೋಡಿಸಿದ, ಅನುಮತಿ ಪಡೆದ ರಕ್ತ ಶೇಖರಣಾ ಘಟಕ ಸಾಕು. ಪರೀಕ್ಷೆಯಾದ ರಕ್ತದ ಚೀಲಗಳು ಅಲ್ಲಿಂದ ಬಂದು ಇಲ್ಲಿಯ ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತವೆ. ನಾವು ನೋಡಲು ಹೋದ ದಿನ ಆ ಫ್ರಿಜ್ಜಿನಲ್ಲಿ ನಾಲ್ಕು ಮಜ್ಜಿಗೆ ಪಾಕೀಟು, ಒಂದು ಸ್ಟೀಲಿನ ಊಟದ ಡಬ್ಬಿ ಇದ್ದವು. ಅನುಮತಿಯ ಅವಧಿ ಮುಗಿದು ಬಹಳ ಕಾಲವಾಗಿತ್ತು, ನವೀಕರಿಸಬೇಕಾದ ಟೆಕ್ನಿಷಿಯನ್ ಹುದ್ದೆ ಖಾಲಿ ಇತ್ತು. ಡಬ್ಬಿ ಇಟ್ಟವರನ್ನು ಬಯ್ದು ಪ್ರಯೋಜನವಿಲ್ಲ; ಖಾಲಿ ಫ್ರಿಜ್ಜಿನಲ್ಲಿ ಯಾರಾದರೂ ಡಬ್ಬಿ ಇಡುತ್ತಾರೆ. ನವೀಕರಣದ ಕಡತ ಎಲ್ಲಿ ನಿಂತಿದೆ ಎಂದು ಹುಡುಕಿ ಮುಂದೆ ತಳ್ಳಬೇಕು, ಜೊತೆಗೆ ಊರಿನ ದಾನಿಗಳ ಪಟ್ಟಿ ಮಾಡಬೇಕು. 18 ವರ್ಷ ದಾಟಿದ, 45 ಕಿಲೋಗಿಂತ ಹೆಚ್ಚು ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತ ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಡಬಹುದು. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಇನ್ನೂರು ಜನ ಕೊಡುವುದಕ್ಕಿಂತ ತಿಂಗಳಿಗೆ ಇಪ್ಪತ್ತು ಜನ ಕೊಡುವುದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಚೀಲದಲ್ಲಿಟ್ಟ ರಕ್ತ ಸುಮಾರು ಐದಾರು ವಾರಗಳಾಚೆ ಉಳಿಯುವುದಿಲ್ಲ.

ದಾನವಾಗಿ ಬರುವ ಯಂತ್ರಗಳ ವಿಷಯದಲ್ಲಿ ಹುಷಾರಾಗಿರಿ. ಬಡ ದೇಶಗಳ ಆಸ್ಪತ್ರೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ ಸುಮಾರು ಶೇಕಡಾ 40ರಷ್ಟು ವೈದ್ಯಕೀಯ ಉಪಕರಣಗಳು ಕೆಟ್ಟು ನಿಂತಿದ್ದವು. ರಿಪೇರಿ ಮಾಡುವವರು ಯಾರು, ಬಿಡಿಭಾಗ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ ಎಂದು ತಿಳಿಯದೆ ಯಾವುದಕ್ಕೂ ರಿಬ್ಬನ್ ಕತ್ತರಿಸಬೇಡಿ.

ನಾಲ್ಕನೆಯ ಹೆಜ್ಜೆ: ಬಿಲ್ಲಿನಾಚೆಯ ಖರ್ಚು

ಆಪರೇಷನ್ನಿನ ನೇರ ಖರ್ಚಿನಿಂದ ವರ್ಷಕ್ಕೆ 3.3 ಕೋಟಿ ಜನ ಆರ್ಥಿಕವಾಗಿ ಮುಳುಗಿದರೆ, ಪ್ರಯಾಣ, ಊಟ, ವಸತಿಯಂತಹ ಬಿಲ್ಲಿನಾಚೆಯ ಖರ್ಚಿನಿಂದ ಮುಳುಗುವವರು ಇನ್ನೂ 4.8 ಕೋಟಿ ಎಂದು ಆಯೋಗ ಅಂದಾಜಿಸಿತ್ತು. ನಮ್ಮ ಕಡೆ ಬಂಗಾರ ಅಡವಿಟ್ಟವರನ್ನು ಕೇಳಿದರೆ ಇದು ಹೊಸ ಸುದ್ದಿಯಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಜನ ಎಡವುವುದು ರೆಫರಲ್ ಪತ್ರದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲವೆಂಬ ರೆಫರಲ್ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಯೋಜನೆ ಅನ್ವಯಿಸುವುದಿಲ್ಲ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಪತ್ರ ಬೇಕಿಲ್ಲ. ಇದನ್ನು ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿ. ಆಸ್ಪತ್ರೆಗೆ ಹೋದ ಕೂಡಲೇ, ಈ ಯೋಜನೆಗೆ ದಾರಿ ತೋರಿಸಲು ಅಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಬೇಕು, ಗೊಂದಲವಾದರೆ 104ಕ್ಕೆ ಫೋನ್ ಮಾಡಬೇಕು. ಸರ್ಕಾರಿ ಆಸ್ಪತ್ರೆಯ ಸಿಜೇರಿಯನ್ನಿಗೆ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧ, ಪರೀಕ್ಷೆ, ರಕ್ತ, ಏಳು ದಿನಗಳವರೆಗೆ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಹೊರಗಿನಿಂದ ತನ್ನಿರೆಂದು ಚೀಟಿ ಬರೆದುಕೊಟ್ಟರೆ ಆ ಚೀಟಿಯನ್ನು ಜೋಪಾನವಾಗಿಡಿ, ಅದೇ ಪುರಾವೆ. ಬಿಲ್ಲಿನಾಚೆಯ ಖರ್ಚಿಗೆ ಯೋಜನೆಗಳು ಅಷ್ಟಾಗಿ ನೆರವಾಗುವುದಿಲ್ಲ. ಜೊತೆಗಿರುವವರ ಖಾನಾವಳಿ ಊಟ, ಕಳೆದುಹೋದ ಕೂಲಿ ಇವಕ್ಕೆ ಸ್ವಸಹಾಯ ಸಂಘವೊಂದು ಕಡಿಮೆ ಬಡ್ಡಿಯ ತುರ್ತು ನಿಧಿ ಇಟ್ಟುಕೊಳ್ಳುವುದು ಒಂದು ದಾರಿ. ಆಪರೇಷನ್ ತಾಲ್ಲೂಕಿನಲ್ಲಿಯೇ ನಡೆದರೆ ಈ ಖರ್ಚಿನ ಬಹುಭಾಗ ಹುಟ್ಟುವುದೇ ಇಲ್ಲ ಎಂಬುದು ಇನ್ನೊಂದು.

ಐದನೆಯ ಹೆಜ್ಜೆ: ಒಂದು ಪುಟದ ಪಟ್ಟಿ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ಹೊರತಂದಿತು. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಓಟಿಯಿಂದ ಹೊರಡುವ ಮುನ್ನ ಮೂರು ಸಲ ನಿಂತು, ಇವರು ಅದೇ ರೋಗಿಯೇ, ಅದೇ ಭಾಗವೇ, ರಕ್ತ ಸಿದ್ಧವಿದೆಯೇ, ಹತ್ತಿಬಟ್ಟೆಗಳ ಎಣಿಕೆ ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿ ಖಚಿತ ಮಾಡಿಕೊಳ್ಳುವುದಷ್ಟೇ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಆಪರೇಷನ್ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ನಿಮ್ಮ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಈ ಪುಟ ಇದೆಯೇ, ಅದನ್ನು ಓಟಿಯಲ್ಲಿ ತುಂಬುತ್ತಾರೋ ಮರುದಿನ ಕುಳಿತು ತುಂಬುತ್ತಾರೋ ಎಂದು ಕೇಳಿ. ಮರುದಿನ ತುಂಬಿದ ಪಟ್ಟಿ ಬರೀ ಕಾಗದ.

ಆರನೆಯ ಹೆಜ್ಜೆ: ಕೈಗಳನ್ನು ತಯಾರು ಮಾಡುವುದು

ಎಲ್ಲಕ್ಕಿಂತ ಕಷ್ಟದ್ದು ಇದು, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ. ಲಕ್ಷ ಜನರಿಗೆ ಸರ್ಜನ್, ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು ಸೇರಿ ಕನಿಷ್ಠ 20 ಜನ ಇರಬೇಕೆಂದು ಆಯೋಗ ಹೇಳುತ್ತದೆ. ಅಷ್ಟು ಜನ ನಾಳೆಯೇ ನಮ್ಮ ತಾಲ್ಲೂಕುಗಳಿಗೆ ಬರುವುದಿಲ್ಲ. ಬಂದವರೂ ಉಳಿಯುವುದಿಲ್ಲ ಎಂಬುದು ಲೋಕದ ಎಲ್ಲ ಕಡೆಯ ಗೋಳು.

ಮೊಜಾಂಬಿಕ್ ದೇಶದ ಅನುಭವವನ್ನು ನಾನು ಮತ್ತೆಮತ್ತೆ ಹೇಳುತ್ತಿರುತ್ತೇನೆ. ಯುದ್ಧದ ನಡುವೆ, 1984ರಲ್ಲಿ, ಅಲ್ಲಿ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಯನ್ನು ಆರಿಸಿ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಕೊಡಲು ಶುರುಮಾಡಿದರು. ಏಳು ವರ್ಷಗಳ ನಂತರ ನೋಡಿದಾಗ ಅವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇದ್ದರು. ಅಲ್ಲಿಗೆ ನೇಮಕವಾಗಿದ್ದ ವೈದ್ಯರಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ನಮ್ಮಲ್ಲಿ ವೈದ್ಯರಲ್ಲದವರು ಆಪರೇಷನ್ ಮಾಡಲು ಕಾನೂನು ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಹೇಳುತ್ತಿಲ್ಲ. ಆ ಸೀಮೆಯವರನ್ನೇ ಆರಿಸಿ, ಆ ಸೀಮೆಯ ಕೆಲಸಕ್ಕೆ ಬೇಕಾದಷ್ಟನ್ನು ಚೆನ್ನಾಗಿ ಕಲಿಸಿದರೆ ಅವರು ಉಳಿಯುತ್ತಾರೆ ಎಂಬಷ್ಟನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ದೇಶಗಳು ಸೇರಿ 1999ರಲ್ಲಿ ಕಟ್ಟಿದ ಸರ್ಜನ್‌ಗಳ ಕಾಲೇಜಿಗೆ ಸ್ವಂತ ಕ್ಯಾಂಪಸ್ಸೇ ಇಲ್ಲ. ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ ಕಲಿಕೆ, ಪರೀಕ್ಷೆ ಮಾತ್ರ ಒಟ್ಟಾಗಿ.

ನಮ್ಮಲ್ಲಿಯೂ ಇಂತಹ ಬಾಗಿಲುಗಳಿವೆ, ತಟ್ಟುವವರು ಕಡಿಮೆ. ಸರ್ಕಾರಿ ಸೇವೆಯ ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆ ಪ್ರಕರಣಗಳಲ್ಲಿ ಅರಿವಳಿಕೆ ಕೊಡಲು ತರಬೇತಿ, ಸಿಜೇರಿಯನ್ ಸಹಿತ ತುರ್ತು ಪ್ರಸೂತಿ ಚಿಕಿತ್ಸೆಗೆ ತರಬೇತಿ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ರೂಪುಗೊಂಡಿವೆ; ಮೊದಲಿಗೆ ಇವುಗಳ ಅವಧಿ 18 ಮತ್ತು 16 ವಾರಗಳಿತ್ತು. ಎಂಬಿಬಿಎಸ್ ನಂತರ ಅರಿವಳಿಕೆ, ಪ್ರಸೂತಿ ಮುಂತಾದ ವಿಭಾಗಗಳಲ್ಲಿ ಎರಡು ವರ್ಷದ ಡಿಪ್ಲೊಮಾಗಳನ್ನು ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ಆರಂಭಿಸಿತು. ಎಂಎಸ್, ಎಂಡಿ ಓದುವವರು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವೂ ಇದೆ. ಆ ಮೂರು ತಿಂಗಳು ಹೊರರೋಗಿ ಚೀಟಿ ಬರೆಯುವುದರಲ್ಲಿ ಕಳೆದುಹೋಗದೆ ಓಟಿಯಲ್ಲಿ ಕಳೆಯಬೇಕಾದರೆ, ನಮಗೆ ಇಂತಹ ವಿಭಾಗದವರು ಬೇಕೆಂದು ಜಿಲ್ಲಾ ಆಸ್ಪತ್ರೆ ಮುಂಚಿತವಾಗಿ ಕೇಳಬೇಕು.

ಇಲ್ಲಿ ಆಗುವ ಒಂದು ಎಡವಟ್ಟನ್ನು ಕಣ್ಣಾರೆ ಕಂಡಿದ್ದೇನೆ. 18 ವಾರ ಅರಿವಳಿಕೆ ಕಲಿತು ಬಂದ ವೈದ್ಯೆಯೊಬ್ಬರನ್ನು ಓಟಿಯೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದ್ದರು. ಸಿಜೇರಿಯನ್ ಮಾಡಬಲ್ಲವರು ಮೂವತ್ತು ಕಿಲೋಮೀಟರ್ ಆಚೆಯ ತಾಲ್ಲೂಕಿನಲ್ಲಿದ್ದರು. ಒಂದು ವರ್ಷದಲ್ಲಿ ಆ ವೈದ್ಯೆಗೆ ಬೆನ್ನಿಗೆ ಸೂಜಿ ಹಾಕುವ ಧೈರ್ಯವೇ ಹೋಯಿತು. "ಕೈ ಜಂಗು ಹಿಡದೈತ್ರಿ" ಎಂದು ಅವರೇ ನಕ್ಕು ಹೇಳಿದ್ದರು. ಆದ್ದರಿಂದ ಬೇಡಿಕೆ ಇಡುವಾಗ ವೈದ್ಯರು ಬೇಕೆಂದು ಬರೆಯದೆ, ಒಬ್ಬ ಅರಿವಳಿಕೆ ಕಲಿತವರು ಮತ್ತು ಒಬ್ಬ ಸಿಜೇರಿಯನ್ ಮಾಡಬಲ್ಲವರು ಒಂದೇ ಆಸ್ಪತ್ರೆಯಲ್ಲಿ, ಜೋಡಿಯಾಗಿ ಬೇಕೆಂದು ಬರೆಯಿರಿ. ಒಬ್ಬರ ವರ್ಗಾವಣೆಯಾದರೆ ಇನ್ನೊಬ್ಬರ ಕೆಲಸವೂ ನಿಲ್ಲುತ್ತದೆ ಎಂದು ಅದೇ ಪತ್ರದಲ್ಲಿ ಕಾಣಿಸಿ.

ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂಬ ಭ್ರಮೆಯೂ ಬೇಡ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಸರ್ಜನ್ ಡಾ. ರವೀಂದ್ರನಾಥ ಟೊಂಗಾವ್ಕರ್, ಹರ್ನಿಯಾ ಆಪರೇಷನ್ನಿಗೆ ದುಬಾರಿ ಜಾಲರಿಯ ಬದಲು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿ ತೋರಿಸಿದರು. ಉಗಾಂಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಅಂತಹ ಅಗ್ಗದ ಜಾಲರಿಯು ಕಂಪನಿಯ ಜಾಲರಿಗಿಂತ ಕಡಿಮೆಯೇನಲ್ಲವೆಂದು ಕಂಡುಕೊಂಡಿತು.

ಇನ್ನು ನಮ್ಮ ಮಕ್ಕಳು. ರಾಜ್ಯದ ಕೋಟಾದ ಎಂಬಿಬಿಎಸ್ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿವರೆಗೆ ಓದಿದ ಶಾಲೆಗಳ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ನೀಟ್ ಫಲಿತಾಂಶದ ನಂತರ ಇದಕ್ಕಾಗಿ ಓಡಾಡುವ ತಂದೆತಾಯಿಗಳನ್ನು ಪ್ರತಿವರ್ಷ ನೋಡುತ್ತೇವೆ. ಪಿಯುಸಿ ಎರಡನೆಯ ವರ್ಷದಲ್ಲಿಯೇ ಮಾಡಿಸಿಟ್ಟುಕೊಳ್ಳಿ. ವೈದ್ಯರಾಗುವುದೊಂದೇ ದಾರಿಯಲ್ಲ. ಪಿಯುಸಿ ವಿಜ್ಞಾನದ ನಂತರ ಅರಿವಳಿಕೆ ಮತ್ತು ಓಟಿ ತಂತ್ರಜ್ಞಾನದಲ್ಲಿ ಬಿಎಸ್ಸಿ ಮಾಡಿದವರು ತಾಲ್ಲೂಕಿನ ಓಟಿಗೆ ಬೆನ್ನೆಲುಬು. ಪಾಲಕರ ಸಭೆಯಲ್ಲಿ ಈ ಕೋರ್ಸಿನ ಹೆಸರು ಕೇಳಿದವರು ಕೈ ಎತ್ತಿ ಎಂದರೆ ಒಂದು ಕೈಯೂ ಏಳದ ಶಾಲೆಗಳಿಗೆ ನಾನು ಹೋಗಿದ್ದೇನೆ.

ಏಳನೆಯ ಹೆಜ್ಜೆ: ಸಭೆಗೆ ಏನು ಒಯ್ಯಬೇಕು

ಮೂರು ಆಪರೇಷನ್‌ಗಳ ಆರು ತಿಂಗಳ ಸಂಖ್ಯೆ ಒಂದು ಹಾಳೆಯಲ್ಲಿ, ಹೊತ್ತಿನ ವಹಿಯ ಇಪ್ಪತ್ತು ಸಾಲುಗಳ ಜೆರಾಕ್ಸ್ ಇನ್ನೊಂದರಲ್ಲಿ, ಖಾಲಿ ಹುದ್ದೆಗಳ ಪಟ್ಟಿ ಮೂರನೆಯದರಲ್ಲಿ ಇರಲಿ. ರೋಗಿಗಳ ಹೆಸರನ್ನು ಅಳಿಸಿರಬೇಕು. ಒಂದು ಪ್ರತಿ ಆಡಳಿತ ವೈದ್ಯಾಧಿಕಾರಿಗೆ, ಒಂದು ಜಿಲ್ಲಾ ಆರೋಗ್ಯಾಧಿಕಾರಿಗೆ, ಒಂದು ಶಾಸಕರಿಗೆ. ಮೂರಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಒಂದು ಸಭೆಯಲ್ಲಿ ಒಂದೇ ಸಂಗತಿ ಕೇಳಿ, ಮೊದಲು ರಕ್ತದ ಘಟಕದ ಅನುಮತಿ ನವೀಕರಣ ಕೇಳಿ, ಏಕೆಂದರೆ ಅದು ಬೇಗ ಆಗುವಂಥದು. ಜೋಡಿ ನೇಮಕದ ಪತ್ರವನ್ನು ಸಾರ್ವತ್ರಿಕ ವರ್ಗಾವಣೆ ಶುರುವಾಗುವ ಎರಡು ತಿಂಗಳ ಮುಂಚೆ ಕೊಡಿ. ಉತ್ತರ ಬಂದ ದಿನಾಂಕವನ್ನು ಅದೇ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟು, ಮುಂದಿನ ಸಭೆಗೆ ವಹಿಯನ್ನೇ ಒಯ್ಯಿರಿ.